ನಡುವೆ ಕೂತ ರಬ್ಬರು

ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ನಮಗೆ ಕೂಡಲೇ ತಿಳಿಯುತ್ತದೆ. ಬೇಯದ ಬೇಳೆಯೇ ಹೇಳಿಬಿಡುತ್ತದೆ. ಗಾಡಿಯ ಹೊಟ್ಟೆಯಡಿ ಸವೆಯುವ ರಬ್ಬರಿನ ಗೋಳು ಕೇಳುವವರು ಯಾರು? ಅದರ ಹೆಸರು ಬುಷ್ಷು.

ನಮ್ಮದು 1997ರ ಮಾರುತಿ ಜಿಪ್ಸಿ. ನಾಲ್ಕೂ ಚಕ್ರಗಳಿಗೆ ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗುಗಳು. ಒಂದೊಂದಕ್ಕೆ ಮೂರು ಕೀಲು, ಒಟ್ಟು 12. ಪ್ರತಿ ಕೀಲಿನಲ್ಲೂ ಕಬ್ಬಿಣ ಕಬ್ಬಿಣವನ್ನು ಜಜ್ಜದಂತೆ ನಡುವೆ ಕೂತು ಪೆಟ್ಟು ತಿನ್ನುವುದು ಈ ರಬ್ಬರು.

ನಮ್ಮ ಅತ್ತೆಯವರ ಸೊಂಟದ ಮೂಳೆಗೆ ರಾಡು ಹಾಕಿದ ಮೇಲೆ ಅವರನ್ನು ಸಕಲೇಶಪುರದಿಂದ ಹಾಸನಕ್ಕೆ ತಿಂಗಳಿಗೊಮ್ಮೆ ನಾನೇ ಕರೆದೊಯ್ಯಬೇಕು. ಗುಂಡಿಗೊಂದು ‘ಟಕ್’. ಅವರು ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು ತುಟಿ ಕಚ್ಚುವರು. ಒಂದು ದಿನ, ‘ಇನ್ನು ನಾನು ಬರೋಲ್ಲ ಕಣೇ, ಹೇಗಿದೆಯೋ ಹಾಗಿರಲಿ’ ಎಂದುಬಿಟ್ಟರು. ನಮ್ಮವರು, ‘ಹಳೇ ಗಾಡಿ, ಮಾರಿಬಿಡೋಣ’ ಎಂದರು. ಹೊಸದಕ್ಕೆ ದುಡ್ಡೆಲ್ಲಿ?

ಗ್ಯಾರೇಜಿನ ಹಿರಿಯರು ಸಂದಿಗೆ ಸಣ್ಣ ಹಾರೆ ತುರುಕಿ ಅಲ್ಲಾಡಿಸಿದರು. ಕೀಲು ಅಲ್ಲಾಡುವ ಹಲ್ಲಿನಂತೆ ಅಲುಗಿತು. ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚುವುದರಲ್ಲೇ ಅರ್ಧ ದಿನ ಹೋಯಿತು. ಹೊರಬಂದ ರಬ್ಬರು ಒಣಗಿದ ಹುಣಸೆಹಣ್ಣಿನಂತಿತ್ತು. ಹೊಸದನ್ನು ಸೋಪಿನ ನೀರು ಸವರಿ ಕೂರಿಸಿದರು; ಗ್ರೀಸು ತಾಗಿದರೆ ರಬ್ಬರು ಉಬ್ಬಿ ಕೆಡುತ್ತದಂತೆ.

ಎಲ್ಲ ಕೂತರೂ ನಟ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ‘ಏಕೆ?’ ಎಂದೆ. ‘ಜಾಕಿನ ಮೇಲೆ ತೂಗಾಡುವಾಗ ಬಿಗಿದರೆ ರಬ್ಬರು ಅಲ್ಲೇ ಕಚ್ಚಿಕೊಳ್ಳುತ್ತದಮ್ಮ. ಕೆಳಗಿಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿ ತನ್ನ ಭಾರ ಹೊತ್ತು ನೆಲದ ಮೇಲೆ ನಿಲ್ಲಲಿ, ಆಮೇಲೆ ಬಿಗಿಯೋಣ.’

ಜಿಪ್ಸಿ ಜಿಪ್ಸಿಯೇ, ಪಲ್ಲಕ್ಕಿಯಾಗಲಿಲ್ಲ. ಆದರೆ ಆ ಕಬ್ಬಿಣದ ಪೆಟ್ಟು ಹೋಯಿತು. ಮುಂದಿನ ತಿಂಗಳು ಅತ್ತೆಯವರನ್ನು ಹೇಗೋ ಒಪ್ಪಿಸಿ ಹೊರಡಿಸಿದೆ. ಆಲೂರು ದಾಟುವಾಗ ನೋಡಿದರೆ ಅವರ ಕೈ ಹಿಡಿಯ ಮೇಲಿರಲಿಲ್ಲ, ಮಡಿಲಲ್ಲಿತ್ತು.

ತವರಿಗೂ ಅತ್ತೆಮನೆಗೂ, ತಂದೆಗೂ ಮಗನಿಗೂ ನಡುವೆ ಕೂತು ಪೆಟ್ಟು ತಿನ್ನುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರು ಸದ್ದು ಮಾಡುವುದಿಲ್ಲ. ಸವೆದು ಹೋದ ಮೇಲೆಯೇ ಮನೆ ಸದ್ದು ಮಾಡುತ್ತದೆ. ಗಾಡಿಯ ರಬ್ಬರಾದರೆ ಅಂಗಡಿಯಲ್ಲಿ ಸಿಗುತ್ತದೆ.