ಗಾಳಿಗೊಂದು ಬೀಗ

ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ‘ಸೆಕ್ಯುರಿಟಿ’ ಎಂಬ ಜಾಗ ಒತ್ತಿದರೆ ಒಂದು ಪುಟ್ಟ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಓಪನ್, ಡಬ್ಲ್ಯೂಇಪಿ, ಡಬ್ಲ್ಯೂಪಿಎ, ಡಬ್ಲ್ಯೂಪಿಎ-2, ಡಬ್ಲ್ಯೂಪಿಎ-3. ಸಾಲಾಗಿ ನೇತುಹಾಕಿದ ಬೀಗಗಳ ಹಾಗೆ. ಹಿಂದಿನದರ ಕೊರತೆ ನೀಗಿಸಲೆಂದೇ ಮುಂದಿನದು ಬಂದಿದೆ.

ಡಬ್ಲ್ಯೂಇಪಿ 1997ರದು. ತಂತಿಯಲ್ಲಿರುವಷ್ಟೇ ಗೌಪ್ಯತೆ ಗಾಳಿಯಲ್ಲೂ ಸಿಗುತ್ತದೆ ಎಂಬುದು ಅದರ ಹೆಸರಿನಲ್ಲೇ ಇದ್ದ ಭರವಸೆ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು, ಅದು ಬಳಸುತ್ತಿದ್ದ ಆರ್‌ಸಿ4 ಗೂಢಲಿಪಿಯ ದೌರ್ಬಲ್ಯ ತೋರಿಸಿದರು. 2003ರ ಡಬ್ಲ್ಯೂಪಿಎ, ಹಳೆಯ ಯಂತ್ರಗಳನ್ನು ಬಿಸಾಡದೆ ನಡೆಸಲು ಹಾಕಿದ ತೇಪೆ. ಮರುವರ್ಷ ಎಇಎಸ್ ಹೊತ್ತು ಡಬ್ಲ್ಯೂಪಿಎ-2 ಬಂತು. ಇದರಲ್ಲೂ ಒಂದು ಕೊರತೆಯಿದೆ. ಫೋನು ರೂಟರಿಗೆ ಸೇರಿಕೊಳ್ಳುವಾಗ ನಡೆಯುವ ಸಂಭಾಷಣೆಯನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ತಮ್ಮ ಮನೆಯಲ್ಲಿ ಕೂತು ಲಕ್ಷಾಂತರ ಪಾಸ್‌ವರ್ಡ್‌ಗಳನ್ನು ಊಹಿಸಿ ನೋಡಬಹುದು. ಮಗುವಿನ ಹೆಸರು, ಹುಟ್ಟಿದ ವರ್ಷ ಅಲ್ಲಿ ನಿಲ್ಲುವುದಿಲ್ಲ. 2018ರ ಡಬ್ಲ್ಯೂಪಿಎ-3 ಈ ದಾರಿ ಮುಚ್ಚಿತು. ಪ್ರತಿ ಊಹೆಗೂ ರೂಟರಿನ ಬಾಗಿಲನ್ನೇ ತಟ್ಟಬೇಕು.

ಇಷ್ಟೆಲ್ಲ ಓದಿಕೊಂಡಿದ್ದಕ್ಕೆ ಕಾರಣ ನನ್ನ ಸಂಶೋಧನೆ. ಮೈಸೂರಿನಲ್ಲಿ ಮನೆಗೆಲಸ ಮಾಡುವ ಹೆಂಗಸರ ಬದುಕಿನ ಕಥನಗಳನ್ನು ಧ್ವನಿಮುದ್ರಿಸುತ್ತಿದ್ದೇನೆ. ಗಂಡನ ಬಗ್ಗೆ, ಕೆಲಸದ ಮನೆಯವರ ಬಗ್ಗೆ ಅವರು ಹೇಳಿದ್ದು ಹೊರಬಿದ್ದರೆ ಕೆಲಸ ಹೋಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದೂ. “ಇದು ಯಾರಿಗೂ ಗೊತ್ತಾಗಲ್ಲ ಅಲ್ವೇನವ್ವಾ?” ಎಂದು ಕೇಳಿದವರಿಗೆ “ಗೊತ್ತಾಗಲ್ಲಮ್ಮ” ಎಂದಿದ್ದೇನೆ. ಆ ಫೈಲುಗಳು ಫೋನಿನಿಂದ ಲ್ಯಾಪ್‌ಟಾಪಿಗೆ ಹೋಗುವುದು ಮನೆಯ ವೈಫೈ ಮೇಲೆಯೇ. ಈ ಬೀಗ ಕಾಯುವುದು ಮನೆಯೊಳಗಿನ ಗಾಳಿಯನ್ನು ಮಾತ್ರ, ರೂಟರಿನಿಂದಾಚೆಗೆ ಬೇರೆ ಕಾವಲು ಬೇಕು ಎನ್ನುವುದು ನಿಜ. ಆದರೂ ಕೊಟ್ಟ ಮಾತಿನಲ್ಲಿ ನನ್ನ ಮನೆಯ ಪಾಲು ಇಷ್ಟು.

ಹಾಗಾದರೆ ಡಬ್ಲ್ಯೂಪಿಎ-3 ಆರಿಸಿ ಮುಗಿಸಬಹುದಿತ್ತು. ಆದರೆ ಕೆಳಗಿನ ಮನೆಯ ಆಂಟಿಯ ಮಗಳು ಪಿಯುಸಿ ಓದುತ್ತಾಳೆ. ಅವಳ ಪಾಠದ ವಿಡಿಯೋಗಳು ಓಡುವುದು ನಮ್ಮ ವೈಫೈ ಮೇಲೆ, ಅಣ್ಣ ಬಿಟ್ಟುಕೊಟ್ಟ ಹಳೆಯ ಟ್ಯಾಬಿನಲ್ಲಿ. ಅದಕ್ಕೆ ಡಬ್ಲ್ಯೂಪಿಎ-3 ಗೊತ್ತೇ ಇಲ್ಲ. ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಇದೆ; ಆದರೆ ಎರಡಕ್ಕೂ ಪಾಸ್‌ವರ್ಡ್ ಒಂದೇ ಆದ್ದರಿಂದ ಹಳೆಯ ಊಹೆಯ ಕಿಂಡಿ ತೆರೆದೇ ಇರುತ್ತದೆ. ನನ್ನ ಗುಟ್ಟಿಗಾಗಿ ಅವಳ ಪಾಠ ನಿಲ್ಲಿಸಲೇ? ಅವಳ ಪಾಠಕ್ಕಾಗಿ, ಅವಳು ನೋಡಿಯೇ ಇರದ ಹೆಂಗಸರನ್ನು ಅಪಾಯಕ್ಕೆ ಒಡ್ಡಲೇ? ಸಂಶೋಧನೆಯ ನೈತಿಕತೆ ಎಂಬ ಕೋರ್ಸಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ಉತ್ತರ ರೂಟರಿನಲ್ಲೇ ಇತ್ತು: ಗೆಸ್ಟ್ ನೆಟ್‌ವರ್ಕ್. ಹಳೆಯ ಮನೆಗಳಲ್ಲಿ ಬಂದವರು ಕೂರಲು ಜಗಲಿ ಇರುತ್ತಿತ್ತಲ್ಲ, ಹಾಗೆ. ನನ್ನ ಸಾಧನಗಳಿಗೆ ಡಬ್ಲ್ಯೂಪಿಎ-3. ಜಗಲಿಗೆ ಎಇಎಸ್ ಇರುವ ಡಬ್ಲ್ಯೂಪಿಎ-2. ಅಲ್ಲಿ ಇಂಟರ್ನೆಟ್ ಸಿಗುತ್ತದೆ, ನನ್ನ ಲ್ಯಾಪ್‌ಟಾಪ್ ಕಾಣುವುದಿಲ್ಲ. ಎಂಟಂಕಿಯ ಪಿನ್ ಹಾಕಿ ಸೇರಿಕೊಳ್ಳುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಆರಿಸಿಬಿಟ್ಟೆ. ಆ ಎಂಟಂಕಿಯನ್ನು ಎರಡು ಭಾಗ ಮಾಡಿ ಪರೀಕ್ಷಿಸುವುದರಿಂದ, ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದು ಸಿಕ್ಕಿಬೀಳುತ್ತದೆ ಎಂದು 2011ರಲ್ಲೇ ಬಯಲಾಗಿತ್ತು.

ಜಗಲಿಯ ಪಾಸ್‌ವರ್ಡ್ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳು. ಚೀಟಿ ನೋಡಿ ಹುಡುಗಿ, “ಅಕ್ಕಾ, ಇದು ಯಾವ ಪದ್ಯ?” ಎಂದಳು. ಅರ್ಥವಿಲ್ಲದಿರುವುದೇ ಇದರ ಗುಣ ಎಂದು ಹೇಳಿ ಕಳಿಸಿದೆ.