ಇದ್ದಿಲು ಪುಡಿ ಮತ್ತು ಒಂದು ಕಪ್ಪು ಗೆರೆ

ನಮ್ಮ ಹಾಸ್ಟೆಲ್ ರೂಮಲ್ಲಿ ನಾವು ಮೂವರು. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಎಲ್ಲರಿಗೂ ಇದ್ದಕ್ಕಿದ್ದಂತೆ ಮುಖದ ಚಿಂತೆ ಶುರುವಾಯ್ತು. ಮೂರು ವರ್ಷ ದಿನಕ್ಕೆ ನಾಲ್ಕು ಟೀ ಕುಡಿದ ಹಲ್ಲು ಹಳದಿಯಾಗದೆ ಇನ್ನೇನಾಗುತ್ತೆ? ದುಡ್ಡು ಸೇರಿಸಿ ಒಂದು ಡಬ್ಬಿ ಇದ್ದಿಲಿನ ಹಲ್ಲುಪುಡಿ ತರಿಸಿದೆವು.

ಒಬ್ಬ ಗೆಳೆಯ ಮಾತ್ರ ಹಿಂಜರಿದ. ಪಿಯುಸಿಯಲ್ಲಿದ್ದಾಗ ಕ್ರಿಕೆಟ್ ಬಾಲ್ ಬಡಿದು ಅವನ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಅವನಮ್ಮ ಚೀಟಿ ದುಡ್ಡು ಎತ್ತಿ, ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಮಾಡಿಸಿದ್ದರು. "ನಮ್ಮಜ್ಜಿ ಇದ್ದಿಲಲ್ಲೇ ಹಲ್ಲುಜ್ಜಿದ್ದು ಕಣೋ, ಏನೂ ಆಗಲ್ಲ" ಅಂತ ನಾವೇ ಅವನನ್ನು ಒಪ್ಪಿಸಿದೆವು.

ತಿಂಗಳಾಗುವಷ್ಟರಲ್ಲಿ ಹಲ್ಲಿಗೂ ಫಿಲ್ಲಿಂಗಿಗೂ ಸೇರುವ ಜಾಗದಲ್ಲಿ ಪೆನ್ಸಿಲಲ್ಲಿ ಗೀಚಿದಂಥ ಕಪ್ಪು ಗೆರೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಫಿಲ್ಲಿಂಗಿನ ಹೊಳಪೂ ಮಾಯ.

ಮೂವರೂ ಡೆಂಟಿಸ್ಟ್ ಹತ್ತಿರ ಹೋದೆವು. ಅವರು ಹೇಳಿದ್ದು ಕೇಳಿ ನಮಗೇ ನಾಚಿಕೆಯಾಯ್ತು. ಆ ಫಿಲ್ಲಿಂಗ್ ಕಾಂಪೋಸಿಟ್: ರೆಸಿನ್ ಮ್ಯಾಟ್ರಿಕ್ಸ್, ಅದರೊಳಗೆ ಗಾಜಿನ ಸೂಕ್ಷ್ಮ ಕಣಗಳು. ಮೆಟೀರಿಯಲ್ಸ್ ಪರೀಕ್ಷೆಯಲ್ಲಿ ನಾವೇ ಪುಟಗಟ್ಟಲೆ ಬರೆದ ಉತ್ತರ! ಪುಡಿ ಒರಟಾಗಿದ್ದರೆ ಮೆತ್ತಗಿನ ರೆಸಿನ್ ಮೊದಲು ಸವೆಯುತ್ತೆ, ಗಟ್ಟಿ ಕಣಗಳು ಮೇಲೆದ್ದು ನಿಲ್ಲುತ್ತವೆ. ಒರಟುತನ ಸುಮಾರು 0.2 ಮೈಕ್ರೋಮೀಟರ್ ದಾಟಿದರೆ ಬ್ಯಾಕ್ಟೀರಿಯಾ ಹೆಚ್ಚು ಅಂಟಿಕೊಳ್ಳುತ್ತವೆ. ಟೀ ಕಲೆಯೂ ಬೇಗ ಹಿಡಿಯುತ್ತೆ. ಅಂಚಿನ ಸಣ್ಣ ಸಂದಿಯೊಳಗೆ ಇದ್ದಿಲಿನ ಕಣ ಹೊಕ್ಕರೆ ಬ್ರಷ್ಷಿಗೆ ಸಿಗಲ್ಲ. ಲ್ಯಾಬಲ್ಲಿ ಎಮರಿ ಪೇಪರ್ ಹಿಡಿದು ಸ್ಪೆಸಿಮೆನ್ ಉಜ್ಜುವಾಗ ಗ್ರಿಟ್ ನಂಬರ್ ನೋಡುವ ನಾವು, ಬಾಯಿಗೆ ಹಾಕುವಾಗ ಏನನ್ನೂ ನೋಡಿರಲಿಲ್ಲ.

ಇನ್ನೊಂದು ಮಾತು. ಪುಡಿ ತೆಗೆಯುವುದು ಮೇಲಿನ ಕಲೆಯನ್ನು ಮಾತ್ರ. ಫಿಲ್ಲಿಂಗಿನ ಬಣ್ಣ ಬೆಳ್ಳಗಾಗಲ್ಲ. ಸವೆದ ಎನಾಮಲ್ ಮತ್ತೆ ಬೆಳೆಯಲ್ಲ. ಇಂಥ ಎಷ್ಟೋ ಪುಡಿಗಳಲ್ಲಿ ಹುಳುಕು ತಡೆಯುವ ಫ್ಲೋರೈಡೂ ಇರಲ್ಲ. 2017ರಲ್ಲಿ ಅಮೆರಿಕದ ಡೆಂಟಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು, ಇದ್ದಿಲಿನ ಪುಡಿ, ಪೇಸ್ಟುಗಳು ಸುರಕ್ಷಿತ, ಪರಿಣಾಮಕಾರಿ ಅನ್ನಲು ಸಾಕಷ್ಟು ಆಧಾರವಿಲ್ಲ ಎಂದಿತ್ತು. ಅಜ್ಜಿ ಇದ್ದಿಲಲ್ಲಿ ಉಜ್ಜಿದ್ದು ನಿಜ. ಆದರೆ ಅಜ್ಜಿ ಬಾಯಲ್ಲಿ ಕಾಂಪೋಸಿಟ್ ಇರಲಿಲ್ಲವಲ್ಲ!

ಪಾಲಿಶ್ ಮಾಡಿದ ಮೇಲೆ ಹೊಳಪು ಸ್ವಲ್ಪ ಬಂತು, ಗೆರೆ ಉಳೀತು. ಮಾರನೇ ದಿನವೇ ಇಂಟರ್‌ವ್ಯೂ. ಯಾವಾಗಲೂ ಬಾಯ್ತುಂಬ ನಗುವ ಹುಡುಗ ತುಟಿ ಬಿಗಿಹಿಡಿದು ಉತ್ತರ ಹೇಳಿ ಬಂದ. ಆಚೆ ಕಾಯುತ್ತಿದ್ದ ನಮಗೆ ಅವನ ಮುಖ ನೋಡೋಕಾಗಲಿಲ್ಲ.

ಮುಂದಿನ ವಾರ ಅಂಚನ್ನು ಕೊರೆದು ಹೊಸದಾಗಿ ತುಂಬಿಸಿದೆವು. ಖರ್ಚು ನಮ್ಮಿಬ್ಬರದ್ದು. ಹೊರಗೆ ಬಂದವನು ಕೇಳಿದ್ದು ಒಂದೇ: "ಅಮ್ಮನಿಗೆ ಹೇಳ್ಬೇಡ್ರೋ."

ಹೇಳಿಲ್ಲ. ಅದಕ್ಕೇ ಇಲ್ಲಿ ಅವನ ಹೆಸರೂ ಬರೆದಿಲ್ಲ. ನಿಮ್ಮ ರೂಮಲ್ಲೂ ಅಂಥ ಡಬ್ಬಿ ಇದ್ದರೆ, ಉಜ್ಜುವ ಮೊದಲು ಯಾರ ಬಾಯಲ್ಲಿ ಫಿಲ್ಲಿಂಗ್ ಇದೆ ಅಂತ ಒಮ್ಮೆ ಕೇಳಿ. ನಾವು ಕೇಳಲೂ ಬೇಕಿರಲಿಲ್ಲ, ನಮಗೆ ಗೊತ್ತಿತ್ತು.