ಭೀಮನ ಅಂಜಿಕೆ

ನಮ್ಮ ಮನೆಯ ನಾಯಿಗೆ ಭೀಮನೆಂದು ಹೆಸರಿಟ್ಟವನು ನನ್ನ ಮೊಮ್ಮಗ. 2017ರ ಮಳೆಗಾಲದಲ್ಲಿ ಸೇಡಂ ರೈಲು ನಿಲ್ದಾಣದ ಹೊರಗೆ, ಚಹದಂಗಡಿಯ ಬಾಕಿನ ಕೆಳಗೆ ನೆನೆಯುತ್ತ ಕುಳಿತಿದ್ದ ಮರಿಯನ್ನು ಅವನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದನು. ಹಿಡಿಯಷ್ಟಿದ್ದ ಪ್ರಾಣಿಗೆ ಇಷ್ಟು ದೊಡ್ಡ ಹೆಸರೇಕೆಂದು ನಾನು ಕೇಳಿದುದಕ್ಕೆ, "ಬೆಳೀತದ ಅಲ್ಲಜ್ಜಾ" ಎಂದನು. ಅವನ ಮಾತು ಅರ್ಧ ನಿಜವಾಯಿತು. ಮರಿ ಬೆಳೆಯಿತು, ಹೆಸರು ಮಾತ್ರ ಇಂದಿಗೂ ಅದಕ್ಕೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಸಡಿಲವಾಗಿಯೇ ಇದೆ. ನಾಯಿಯನ್ನು 'ಅದು' ಎನ್ನಬೇಕೋ 'ಅವನು' ಎನ್ನಬೇಕೋ ಎಂಬಲ್ಲಿ ವ್ಯಾಕರಣಕ್ಕೂ ನಮ್ಮ ಮನೆಗೂ ಭಿನ್ನಾಭಿಪ್ರಾಯವುಂಟು. ನಾನು ವ್ಯಾಕರಣವನ್ನು ಕಲಿಸಿದ ಋಣದಿಂದ ಪಿಂಚಣಿ ಉಣ್ಣುತ್ತಿರುವವನಾದರೂ ಇಲ್ಲಿ ಮನೆಯ ಪಕ್ಷವನ್ನೇ ಹಿಡಿಯುತ್ತೇನೆ, ವಾಚಕರು ಮನ್ನಿಸಬೇಕು.

ಸೇಡಮಿನಲ್ಲಿ ಬಾಳುವ ಪ್ರಾಣಿಗೆ ಸದ್ದೆಂಬುದು ಹೊಸದಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಗಾಡಿಗಳು ಹಗಲಿರುಳೂ ಕೂಗುತ್ತವೆ. ಸಿಮೆಂಟು ಕಾರಖಾನೆಗಳಿಗೆ ಕಲ್ಲು ಒದಗಿಸುವ ಗಣಿಗಳಲ್ಲಿ ಮದ್ದು ಸಿಡಿದರೆ ಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಮೊದಲ ಐದು ವರ್ಷ ಭೀಮನು ಇದಾವುದಕ್ಕೂ ಕಿವಿಯನ್ನು ಸಹ ಎತ್ತಿದವನಲ್ಲ. 2022ರ ಶ್ರಾವಣದಲ್ಲಿ ಅವನ ನಡತೆ ಬದಲಾಯಿತು. ಮದ್ದಿನ ಸದ್ದು ಕೇಳಿದೊಡನೆ ಮೈಯೆಲ್ಲ ನಡುಗಿ ಮಂಚದಡಿಗೆ ಸೇರುವನು. ಬರಬರುತ್ತ ಅಡಿಗೆಮನೆಯ ಕುಕ್ಕರು ಸೀಟಿ ಹಾಕಿದರೂ, ಕೈಜಾರಿ ತಟ್ಟೆಯೊಂದು ಬಿದ್ದರೂ ಅದೇ ಗತಿ. ಇರುಳಿನಲ್ಲಿ ಒಂದೆಡೆ ಮಲಗನು. ಸುತ್ತುವನು, ಕೂರುವನು, ಮತ್ತೆ ಎದ್ದು ಸುತ್ತುವನು. ಊಟ ಬಿಟ್ಟಿರಲಿಲ್ಲ, ಜ್ವರವಿರಲಿಲ್ಲ, ಗಾಯವಿರಲಿಲ್ಲ. ಏನೋ ಹಿತವಿಲ್ಲವೆಂಬುದು ಮನೆಯವರೆಲ್ಲರಿಗೂ ತಿಳಿಯುತ್ತಿತ್ತು. ಏನೆಂಬುದು ಯಾರಿಗೂ ತಿಳಿಯಲಿಲ್ಲ.

ತಿಳಿಯದ ರೋಗಕ್ಕೆ ವೈದ್ಯರು ಬಹುಮಂದಿ. ಒಬ್ಬರು ದೃಷ್ಟಿ ತಾಕಿದೆಯೆಂದರು, ಒಬ್ಬರು ಉಷ್ಣವೆಂದರು. ನಾನು ಮಾತ್ರ 'ವಾಯು' ಎಂದು ನಿರ್ಣಯಿಸಿದೆನು. ನಿರ್ಣಯದ ಜೊತೆಗೆ ಒಂದು ಅವಿವೇಕವನ್ನೂ ಮಾಡಿದೆನು: ನನ್ನ ಮೊಣಕಾಲು ನೋವಿಗೆಂದು ಮನೆಯಲ್ಲಿದ್ದ ಐಬುಪ್ರೊಫೆನ್ ಗುಳಿಗೆಯಲ್ಲಿ ಅರ್ಧವನ್ನು ಮುರಿದು, ಬೆಲ್ಲದಲ್ಲಿಟ್ಟು ಅವನಿಗೆ ತಿನ್ನಿಸಿದೆನು. ಅದರ ಮಾತು ಮುಂದೆ ಬರುತ್ತದೆ.

ವೈದ್ಯರಲ್ಲಿಗೆ ಹೋಗದೆ ಇರಲಿಲ್ಲ. ಮೊದಲು ಹೋದಲ್ಲಿ ದನಗಳನ್ನು ನಿಲ್ಲಿಸುವ ಕಬ್ಬಿಣದ ಕಟಕಟೆಯ ಪಕ್ಕದಲ್ಲಿಯೇ ನಾಲ್ವರು ಗಟ್ಟಿಗರು ಭೀಮನನ್ನು ನೆಲಕ್ಕೊತ್ತಿ ಹಿಡಿದು, ಬಾಯಿಗೆ ಬಟ್ಟೆ ಬಿಗಿದು, ತೊಡೆಗೊಂದು ಸೂಜಿ ಚುಚ್ಚಿ ಎರಡು ನಿಮಿಷದಲ್ಲಿ ನಮ್ಮನ್ನು ಕಳುಹಿಸಿಕೊಟ್ಟರು. ಆ ನಾಲ್ವರಲ್ಲಿ ಒಬ್ಬನು ನಾನೇ ಎಂಬುದನ್ನು ಮರೆಮಾಡಲಾರೆನು. ಎರಡನೆಯ ಸಲ ಪಟ್ಟಣಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ರಕ್ತ ಪರೀಕ್ಷೆಯಾಯಿತು. ಉಣ್ಣಿಯಿಂದ ಬರುವ ಜ್ವರವಿಲ್ಲ, ಮೂತ್ರಪಿಂಡ ಸರಿಯಾಗಿದೆ, ಎಲ್ಲವೂ ಸಮವಾಗಿದೆಯೆಂದು ಚೀಟಿ ಬಂದಿತು. "ಸ್ವಭಾವವೇ ಹಾಗೆ, ಏನು ಮಾಡಲಾಗುತ್ತದೆ?" ಎಂದು ಅಲ್ಲಿಯವರು ಕೈಚೆಲ್ಲಿದರು. ಅಂದಿನಿಂದ ಭೀಮನು ಆಟೋರಿಕ್ಷಾದ ಸದ್ದಿಗೂ ಅಂಜತೊಡಗಿದನು. ಔಷಧವನ್ನು ಹುಡುಕಿಕೊಂಡು ಹೋಗಿ ಇನ್ನೊಂದು ಅಂಜಿಕೆಯನ್ನು ಕೊಂಡುತಂದಂತಾಯಿತು.

ಇದರಲ್ಲಿ ಯಾರನ್ನೂ ದೂರುವುದು ನನಗೆ ಇಷ್ಟವಿಲ್ಲ. ನಮ್ಮ ಸೀಮೆಯ ಪಶು ಆಸ್ಪತ್ರೆಗಳು ಎತ್ತು, ಎಮ್ಮೆ, ಆಡುಗಳಿಗಾಗಿ ಕಟ್ಟಿದವು. ಒಕ್ಕಲುತನದ ನಾಡಿನಲ್ಲಿ ಅದು ನ್ಯಾಯವೇ. 1125ರ ಸುಮಾರಿಗೆ ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ಕನ್ನಡದಲ್ಲಿ ಪಶುವೈದ್ಯದ ಗ್ರಂಥವನ್ನು ಬರೆದಾಗ ಅದಕ್ಕೆ 'ಗೋವೈದ್ಯ' ಎಂದೇ ಹೆಸರಿಟ್ಟನು. ಒಂಬೈನೂರು ವರ್ಷ ಕಳೆದರೂ ಪಂಕ್ತಿಯಲ್ಲಿ ಹಸುವಿನ ಎಲೆ ಮೊದಲು, ನಾಯಿಯ ಎಲೆ ಕೊನೆಗೆ. ಅದರಲ್ಲಿಯೂ ಅದೇ 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದು, ವೈದ್ಯರು ಊರೂರು ತಿರುಗಿ ಲಸಿಕೆ ಹಾಕುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ 'ನಮ್ಮ ನಾಯಿ ಕುಕ್ಕರಿಗೆ ಹೆದರುತ್ತದೆ' ಎಂದು ಹೇಳಿಕೊಳ್ಳುವುದಕ್ಕೆ ನನ್ನ ನಾಲಗೆಯೇ ಹಿಂಜರಿಯುತ್ತಿತ್ತು.

ಒಂದು ಸಂಜೆ ನನ್ನ ಹೆಂಡತಿ ಅವನ ಬೆನ್ನು ಸವರಿದಾಗ ಭೀಮನು ಥಟ್ಟನೆ ತಿರುಗಿ ಆಕೆಯ ಕೈಗೆ ಬಾಯಿ ಹಾಕಿದನು. ಹಲ್ಲು ಸ್ವಲ್ಪವೇ ತಾಕಿತು. ಆದರೂ ಆಸ್ಪತ್ರೆಯವರ ಮಾತಿನಂತೆ ಆಕೆ ಚುಚ್ಚುಮದ್ದುಗಳನ್ನು ಹಾಕಿಸಿಕೊಂಡಳು. ಸುದ್ದಿ ಓಣಿಗೆಲ್ಲ ಹರಡಿತು. ಹುಚ್ಚು ಹಿಡಿದಿದೆ, ಮಕ್ಕಳು ಓಡಾಡುವ ಜಾಗ, ಮಾಸ್ತರರು ವಿಚಾರ ಮಾಡಬೇಕು ಎಂದು ನೆರೆಯವರು ಬಾಗಿಲಿಗೆ ಬಂದು ಹೇಳಿದರು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು, ಹುಚ್ಚಿನ ವಿಷವು ಆಗಲೇ ಬಾಯಿಗೆ ಇಳಿದಿದ್ದರೆ ಅಷ್ಟರೊಳಗೆ ಅದು ಸಾಯುತ್ತದೆ, ಬದುಕಿ ಉಂಡು ತಿರುಗುತ್ತಿದ್ದರೆ ಭಯವಿಲ್ಲ ಎಂಬ ಶಾಸ್ತ್ರವನ್ನು ನಾನು ವಿವರಿಸಿದೆನು. ಹತ್ತು ದಿನ ಕಳೆದು ಹನ್ನೊಂದನೆಯ ದಿನವೂ ಭೀಮನು ರೊಟ್ಟಿ ತಿಂದನು. ನೆರೆಯವರ ಮುಖ ಮಾತ್ರ ತಿಳಿಯಾಗಲಿಲ್ಲ. ನಿಜ ಹೇಳುವುದಾದರೆ ನನ್ನ ಮನಸ್ಸೂ ತಿಳಿಯಾಗಿರಲಿಲ್ಲ. ಚಿಂಚೋಳಿಯ ಕಡೆ ಪರಿಚಯದ ಒಕ್ಕಲಿಗರೊಬ್ಬರ ಹೊಲದಲ್ಲಿ ಅವನನ್ನು ಬಿಟ್ಟುಬರುವುದೆಂದು ನಿಶ್ಚಯಿಸಿ, ಬರುವ ಆದಿತ್ಯವಾರಕ್ಕೆ ಗಾಡಿಯನ್ನೂ ಗೊತ್ತುಮಾಡಿದೆನು.

ನನ್ನ ಹೆಂಡತಿ ಅಂದದ್ದು ಒಂದೇ ಮಾತು: "ಅದು ಕಚ್ಚಿಲ್ರಿ. ಕೈ ತಗಿ ಅಂತ ಅಂದದ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಾಸನಗಳನ್ನು ಪಾಠ ಮಾಡಿದ ಮನಸ್ಸಾದುದರಿಂದ ಆತಕೂರಿನ ಕಲ್ಲು ನೆನಪಿಗೆ ಬಂದಿತು. ನಮ್ಮ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಇಂದು ಮುರಿದ ಕೋಟೆಯಿರುವಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿದ್ದ ಕಾಲ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಅವನ ಭಾವನಾದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತುವು. ಮಂಡ್ಯದ ಸೀಮೆಯ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯೆದುರು ನಾಯಿಗೊಂದು ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯೂ, ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೂ ವಿಧಾಯಕವಾದುವು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತರಗತಿಯಲ್ಲಿ ಈ ಕಥೆಯನ್ನು ನಾನು ಎಷ್ಟೋ ಸಲ ಉತ್ಸಾಹದಿಂದ ಹೇಳಿದ್ದೇನೆ. ಆ ರಾತ್ರಿ ಮಂಚದಡಿಯಲ್ಲಿ ಭೀಮನು ಸುತ್ತಿ ಸುತ್ತಿ ಉಗುರು ಕಟಕಟಿಸುವುದನ್ನು ಕೇಳುತ್ತ, ಮೂರು ತಿಂಗಳಿನಿಂದ ನಾನು ಅವನನ್ನು ಕರೆಯುತ್ತಿದ್ದುದು 'ಹೇಡಿ' ಎಂದು ಎಂಬುದು ನೆನಪಾಯಿತು.

ಮರುದಿನ ಹಾಲಿನವನು ತಾನಾಗಿಯೇ ಮಾತು ತೆಗೆದನು. ಅವನ ಎಮ್ಮೆ ಒದೆಯುವುದರಲ್ಲಿ ಹೆಸರಾದುದು. "ನಮ್ ಊರ ದವಾಖಾನಿಗಿ ಒಬ್ಬ ಡಾಕ್ಟರ್ ಬಾಯಿ ಬಂದಾರ್ರಿ. ಅವರು ಬಂದು ನಿಂತ್ರ ನಮ್ ಎಮ್ಮಿನೂ ಸುಮ್ಮ ನಿಂದರ್ತದ. ಒಮ್ಮೆ ತೋರಸ್ರಿ" ಎಂದನು. ಬೀದರದಲ್ಲಿ ಓದಿ, ಸಮೀಪದ ಹಳ್ಳಿಯೊಂದರ ಸರಕಾರಿ ಪಶು ಚಿಕಿತ್ಸಾಲಯಕ್ಕೆ ಬಂದ ಚಿಕ್ಕ ವಯಸ್ಸಿನ ವೈದ್ಯೆ. ದಿನವೆಲ್ಲ ದನಗಳಿಗೆ ಲಸಿಕೆ ಹಾಕಿ ದಣಿದವರು ಶನಿವಾರ ಸಂಜೆ ನಮ್ಮ ಮನೆಗೆ ಬಂದರು. ಗಾಡಿ ಗೊತ್ತಾಗಿದ್ದುದು ಮರುದಿನ ಬೆಳಿಗ್ಗೆಗೆ.

ಅವರು ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಬಾಗಿಲಿಗೆ ಅಡ್ಡಮುಖವಾಗಿ ಕುಳಿತು, ಭೀಮನ ಕಡೆ ನೋಡದೆ ನನ್ನ ಹೆಂಡತಿಯೊಡನೆ ಮಳೆ-ಬೆಳೆಯ ಮಾತಾಡುತ್ತ, ನಡುನಡುವೆ ರೊಟ್ಟಿಯ ಚೂರೊಂದನ್ನು ಒಳಗಿನ ನೆಲದ ಮೇಲೆ ಜಾರಿಸುತ್ತಿದ್ದರು. ಅರ್ಧ ಗಂಟೆ ಹೀಗೆಯೇ ಕಳೆಯಿತು. ನನಗೆ ಸಹನೆ ತಪ್ಪಿ, "ಹಿಡಿದುಕೊಳ್ಳಲೇನ್ರಿ?" ಎಂದು ಕೇಳಿದೆನು.

"ಬ್ಯಾಡ್ರಿ ಸರ್. ಇವತ್ತ ನಾ ಅದನ್ನ ಮುಟ್ಟಂಗಿಲ್ಲ" ಎಂದರು. ಸ್ವಲ್ಪ ತಡೆದು, "ಈ ಅಂಜಿಕಿ ಸಣ್ಣಾಗಿನಿಂದ ಅದನೋ, ನಡುವ ಬಂದದನೋ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ನಡುವೆ ಬಂದುದೆಂದು ನಾನು ಹೇಳಿದಾಗ ಅವರು ವಿವರಿಸಿದುದರ ತಾತ್ಪರ್ಯವಿದು. ಹುಟ್ಟಿನಿಂದಲೋ ಎಳವೆಯ ಪೆಟ್ಟಿನಿಂದಲೋ ಬಂದ ಅಂಜಿಕೆ ಬೇರೆ; ಬೆಳೆದ ನಾಯಿಗೆ ಥಟ್ಟನೆ ಬರುವ ಅಂಜಿಕೆ ಬೇರೆ. ಎರಡನೆಯದನ್ನು ಕಂಡಾಗ ಮೈಯಲ್ಲೆಲ್ಲೋ ನೋವಿದೆಯೇ ಎಂದು ಹುಡುಕಬೇಕು. ಸದ್ದಿಗೆ ಬೆಚ್ಚಿದಾಗ ಮೈ ಸೆಟೆಯುತ್ತದೆ. ಸೆಟೆದ ಮೈಯಲ್ಲಿ ನೋವು ಹೆಚ್ಚುತ್ತದೆ. ನೋಯಿಸಿದುದು ಆ ಸದ್ದೇ ಎಂದು ಪ್ರಾಣಿ ತಿಳಿಯುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಸೇರಿ 2018ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಸದ್ದಿಗೆ ಅಂಜುವ ಇಪ್ಪತ್ತು ನಾಯಿಗಳನ್ನು ಹೋಲಿಸಿದ್ದರಂತೆ: ನೋವಿದ್ದ ಹತ್ತು, ಇಲ್ಲದ ಹತ್ತು. ನೋವಿದ್ದವುಗಳಲ್ಲಿ ಅಂಜಿಕೆ ತೊಡಗಿದ ವಯಸ್ಸು ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿತ್ತು. ಇಪ್ಪತ್ತು ನಾಯಿಗಳು ದೊಡ್ಡ ಸಂಖ್ಯೆಯಲ್ಲವೆಂದೂ ಅವರೇ ಸೇರಿಸಿದರು. ಆ ಎಚ್ಚರಿಕೆಯಿಂದಲೇ ನನಗೆ ಅವರಲ್ಲಿ ಹೆಚ್ಚು ನಂಬಿಕೆ ಹುಟ್ಟಿತು.

ಅಷ್ಟರಲ್ಲಿ ಐಬುಪ್ರೊಫೆನ್ ಗುಳಿಗೆಯ ಕಥೆಯನ್ನು ನಾನು ಒಪ್ಪಿಕೊಂಡೆನು. ಅವರು ದನಿಯೇರಿಸಿದುದು ಅದೊಂದೇ ಸಲ. ಮನುಷ್ಯರ ಆ ಗುಳಿಗೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಭೀಮನು ಉಳಿದುದು ಅರ್ಧವೇ ತಿಂದುದರಿಂದ, ಒಮ್ಮೆಯೇ ತಿಂದುದರಿಂದ. ಮೂವತ್ತು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು ಅಂದು ತಲೆ ತಗ್ಗಿಸಿ ನಿಂತೆನು. ಮರುದಿನದ ಗಾಡಿಯನ್ನು ಬೇಡವೆಂದು ತಿಳಿಸಿದೆನು.

ಹೋಗುವಾಗ ಅವರು ಕೊಟ್ಟುದು ಔಷಧವಲ್ಲ, ಕೆಲಸ. ಭೀಮನು ಮಲಗಿ ಏಳುವುದನ್ನೂ, ಮೆಟ್ಟಿಲು ಹತ್ತುವುದನ್ನೂ, ಕೂರುವುದನ್ನೂ ಅವನಿಗೆ ತಿಳಿಯದಂತೆ ದೂರದಿಂದ ಮೊಬೈಲಿನಲ್ಲಿ ಚಿತ್ರಿಸಿ ಕಳುಹಿಸಬೇಕೆಂದರು. ಮೊಮ್ಮಗನು ಅದನ್ನು ಮಾಡಿದನು. ಐದು ವರ್ಷ ಕಣ್ಣೆದುರಿಗಿದ್ದ ಪ್ರಾಣಿಯನ್ನು ನಾನು ಆ ಚಿತ್ರದಲ್ಲಿ ಮೊದಲ ಸಲ ಕಂಡೆನೆನ್ನಬೇಕು: ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತಾನೆ, ಕೂತಾಗ ಒಂದು ತೊಡೆಯನ್ನು ಓರೆಯಾಗಿಡುತ್ತಾನೆ, ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ನೋಡಿ, ತುಟಿ ನೆಕ್ಕಿಕೊಂಡು ಹಿಂದಿರುಗುತ್ತಾನೆ. ಇದನ್ನೆಲ್ಲ ನಾವು ಸೋಮಾರಿತನವೆಂದುಕೊಂಡಿದ್ದೆವು.

ಎರಡನೆಯ ಭೇಟಿಯಲ್ಲಿ ಅವನೇ ಬಂದು ವೈದ್ಯೆಯ ಚಪ್ಪಲಿಯನ್ನು ಮೂಸಿದನು. ನಾಲ್ಕನೆಯ ಭೇಟಿಯಲ್ಲಿ ಅವರು ಬೆನ್ನಿನ ಮೇಲೆ ಬೆರಳಿಟ್ಟರು, ಬೆರಳು ಸೊಂಟದ ಬಳಿಗೆ ಬಂದಾಗ ಅವನ ಚರ್ಮ ನಡುಗಿತು; ಅವರು ಕೂಡಲೆ ಕೈ ತೆಗೆದರು. ಅಮೆರಿಕೆಯ ಸೋಫಿಯಾ ಯಿನ್ ಎಂಬ ಪಶುವೈದ್ಯೆ ಪ್ರಾಣಿಗಳನ್ನು ಬೆದರಿಸದೆ ಹಿಡಿಯುವ ಕ್ರಮವನ್ನು ಕುರಿತು 2009ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರೆಂದು ಇವರಿಂದ ಕೇಳಿದೆನು. ಆದರೆ ಎಮ್ಮೆಯೆದುರು ನಿಲ್ಲುವುದನ್ನು ಇವರಿಗೆ ಕಲಿಸಿದವಳು ಇವರ ಅಜ್ಜಿಯಂತೆ.

ಕ್ಷಕಿರಣ ಚಿತ್ರ ತೆಗೆಸಬೇಕಾಯಿತು. ಬೀದರದಲ್ಲಿ 2004ರ ಕಾಯಿದೆಯಿಂದ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅದರ ಕಾಲೇಜಿನ ಆಸ್ಪತ್ರೆಯಿದೆ. ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಗ್ಯಾಬಾಪೆಂಟಿನ್ ಎಂಬ ಔಷಧವನ್ನು ಅವರು ಹೇಳಿದ ಅಳತೆಯಲ್ಲಿ ಕೊಟ್ಟೆವು. 2023ರ ಜನವರಿ, ತೊಗರಿಯ ರಾಶಿಯ ಕಾಲ. ಚಿಂಚೋಳಿಯ ಮಾರ್ಗವಾಗಿ ಕರಿನೆಲ ಮುಗಿದು ಬೀದರದ ಕೆಂಪು ಜಂಬಿಟ್ಟಿಗೆಯ ನೆಲ ಬರುವವರೆಗೂ ಭೀಮನು ನನ್ನ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ತೂಕಡಿಸಿದನು. ಅವನನ್ನು ಬಿಟ್ಟುಬರಬೇಕೆಂದಿದ್ದ ಹೊಲದ ದಾರಿ ಎಡಕ್ಕೆ ಹೊರಳುವಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಸೊಂಟದ ಬಳಿ ಬೆನ್ನೆಲುಬಿನ ಎರಡು ಮಣಿಗಳ ಅಂಚಿನಲ್ಲಿ ಮೂಳೆ ಕೊಕ್ಕಿನಂತೆ ಬೆಳೆದಿತ್ತು. ಇದೇ ಕಾರಣವೆಂದು ಆಣೆ ಮಾಡಿ ಹೇಳಲಾಗದು, ಇಂಥ ಕೊಕ್ಕು ಎಷ್ಟೋ ನಾಯಿಗಳಲ್ಲಿ ನೋವಿಲ್ಲದೆಯೂ ಇರುತ್ತದೆ. ಆದುದರಿಂದ ನಾಯಿಗೆ ತಕ್ಕ ಅಳತೆಯಲ್ಲಿ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧವನ್ನು ಮೂರು ವಾರ ಉಂಡ ಮೇಲೆ ಕೊಟ್ಟು, ನಡತೆ ಬದಲಾಗುವುದೇ ನೋಡೋಣವೆಂದರು. ನಾನು ಒಂದು ವಹಿ ಇಟ್ಟೆನು. ಎಂಟು ದಿನ ಬರೆಯುವುದಕ್ಕೆ ಏನೂ ಇರಲಿಲ್ಲ. ಒಂಬತ್ತನೆಯ ದಿನ 'ರಾತ್ರಿ ಒಂದೇ ಕಡೆ ಮಲಗಿದನು' ಎಂದು ಬರೆದೆನು. ಹದಿನಾಲ್ಕನೆಯ ದಿನ 'ಮೆಟ್ಟಿಲು, ಮೂರು' ಎಂದಿದೆ. ಅಕ್ಷರ ಸ್ವಲ್ಪ ಅಲುಗಾಡಿದೆ.

ಇನ್ನೊಂದನ್ನು ವೈದ್ಯೆ ಕಂಡುಹಿಡಿದುದು ಬರಿಯ ಕಣ್ಣಿನಿಂದ. ನಮ್ಮ ಮನೆಯ ನೆಲ ಶಹಾಬಾದಿನ ಪರಸಿಕಲ್ಲಿನದು. ನಮ್ಮ ತಂದೆಯವರು ಹಾಸಿಸಿದುದು, ಎರಡು ತಲೆಮಾರು ಒರಸಿ ಒರಸಿ ಕನ್ನಡಿಯಾದುದು. ಬಂದವರೆಲ್ಲ ಹೊಗಳುವ ನೆಲ. ಅದರ ಮೇಲೆ ಭೀಮನ ಹಿಂಗಾಲು ದಿನಕ್ಕೆ ನೂರು ಸಲ ಜಾರುತ್ತಿತ್ತು, ಜಾರಿದಾಗೆಲ್ಲ ಸೊಂಟ ಉಳುಕುತ್ತಿತ್ತು. ಈಗ ಪಡಸಾಲೆಯಿಂದ ಅಡಿಗೆಮನೆಯವರೆಗೆ ನನ್ನ ಹೆಂಡತಿಯ ಹಳೆಯ ಕೌದಿಗಳು ಹಾಸಿವೆ. ಬಂದವರು ಎಡವುತ್ತಾರೆ, ನೆಲವನ್ನು ಹೊಗಳುವವರಿಲ್ಲ.

ಅಂಜಿಕೆ ಪೂರ್ತಿ ಹೋಗಲಿಲ್ಲ. ಗಣಿಯ ಮದ್ದು ಸಿಡಿದರೆ ಅವನು ಇಂದಿಗೂ ಏಳುತ್ತಾನೆ. ಆದರೆ ಮಂಚದಡಿಗೆ ಹೋಗುವುದರ ಬದಲು ಬಂದು ನಮ್ಮಲ್ಲೊಬ್ಬರ ಕಾಲಿಗೆ ಒರಗಿ ನಿಲ್ಲುತ್ತಾನೆ. ಚಳಿಗಾಲದಲ್ಲಿ ಔಷಧ ಮತ್ತೆ ಬೇಕಾಗುತ್ತದೆ. ಓಣಿಯ ಮಕ್ಕಳು ಮೊದಲಿನಂತೆ ಅವನ ಹೆಸರು ಹಿಡಿದು ಕೂಗುತ್ತಾರೆ.

2024ರ ಮಳೆಗಾಲದ ಮೊದಲಿನಲ್ಲಿ ವೈದ್ಯೆಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೇಳಿಹೋಗಲೆಂದು ಒಂದು ಸಂಜೆ ಬಂದರು. ಒಳಗೆ ಬನ್ನಿರೆಂದು ನನ್ನ ಹೆಂಡತಿ ಎಷ್ಟು ಕರೆದರೂ ಕೇಳದೆ, ಹಳೆಯ ಅಭ್ಯಾಸದಂತೆ ಕಟ್ಟೆಯ ಮೇಲೆ ಅಡ್ಡಮುಖವಾಗಿ ಕುಳಿತರು. ಭೀಮನು ಕೌದಿಯ ಮೇಲಿಂದ ಎದ್ದು, ಮುಂಗಾಲು ಚಾಚಿ ಮೈಮುರಿದು, ಹೊಸ್ತಿಲ ಬಳಿಗೆ ಬಂದು ನಿಂತನು. ಅವರು ತಿರುಗಿ ನೋಡಲಿಲ್ಲ. ಕೈಯನ್ನು ಮಾತ್ರ ಕಟ್ಟೆಯ ಅಂಚಿಗೆ ಬಿಟ್ಟಿದ್ದರು. ಚಹ ಆರಿತು. ಭೀಮನು ಹೊಸ್ತಿಲು ದಾಟಿ ಹೋಗಿ, ತನ್ನ ಬೆನ್ನನ್ನು ಆ ಕೈಗೆ ತಾಗುವಂತೆ ಇಟ್ಟು ಕುಳಿತನು.